ದೊಡ್ಡಮಾವನ ಕೆಮ್ಮು

ಸೇಡು ಒಳ್ಳೇದಲ್ಲ ಅಂತ ನಮ್ಮ ಮಂದಿ ಶರಣರ ಹೆಸರು ತಗೊಂಡು ಬುದ್ಧಿ ಹೇಳ್ತಾರ. ಹೇಳ್ಲಿ. ನಾನೂ ಕೊಳ್ಳಾಗ ಲಿಂಗ ಕಟ್ಟಿಕೊಂಡಾಕಿನೇ, ದಿನಾ ಮುಂಜಾನಿ ಇಭೂತಿ ಹಚ್ಚಾಕಿನೇ. ಆದರ ನನ್ನ ತಂಗಿ ಸತ್ತ ಮ್ಯಾಲ ಕ್ಷಮಾ ಅನ್ನೋ ಮಾತು ನಾ ಬಾಯಾಗ ತಂದಿಲ್ಲ. ತರಂಗೂ ಇಲ್ಲ.

ನಾವಿಬ್ಬರು ಅಕ್ಕ-ತಂಗಿ ಜೇವರ್ಗಿ ಕಡೆಯವರು. ಆಳಂದ ತಾಲೂಕಿನಾಗ, ನರೋಣಾದ ಹತ್ತಿರದ ಒಂದು ಹಳ್ಳಿಗಿ, ಒಂದೇ ಮನಿಯ ಅಣ್ಣ-ತಮ್ಮಗ ನಮ್ಮನ್ನ ಕೊಟ್ಟಿದ್ರು. ಆ ಮನಿಗಿ ಹಿರ್ಯಾರು ಅಂದ್ರ ನಮ್ಮ ಮಾವನ ಅಣ್ಣ. ನಾವು ದೊಡ್ಡಮಾವ ಅಂತೀವಿ, ಊರು ಗೌಡ್ರು ಅಂತದ. ಅಲ್ಲಿ ಸೊಸ್ತೇರಿಗಿ ಒಂದು ರಿವಾಜ ಇತ್ತು. ದೊಡ್ಡಮಾವ ತಲಬಾಗಿಲು ದಾಟೋ ಮೊದಲ ಒಮ್ಮೆ ಕೆಮ್ಮತಿದ್ರು. ಆ ಕೆಮ್ಮು ಕಿವಿಗಿ ಬಿತ್ತಂದ್ರ ಅಂಗಳದಾಗಿನ ಸೊಸ್ತೇರೆಲ್ಲಾ ಸೆರಗು ಎಳಕೊಂಡು ಒಳಗ ಹೋಗಬೇಕು. ರೊಟ್ಟಿ ಬಡಿಯಾಕಿ ಹಿಟ್ಟಿನ ಕೈಲೇ ಏಳಬೇಕು, ಕೂಸಿಗಿ ಮಲಿ ಕೊಡಾಕಿ ಕೂಸಿನ ಸಂಗಟೇ ಏಳಬೇಕು. ಅವರ ಮುಂದ ಮಾತಾಡೋದಂತೂ ದೂರದ ಮಾತು.

ತಂಗಿಗಿ ರಕ್ತ ಹೋಗಾಕ ಸುರು ಆಗಿತ್ತು. ತಿಂಗಳ ಮುಟ್ಟಲ್ಲ, ಅದರ ನಡುವ, ಬೇಕಾದಾಗ. ಹೊಲದಾಗ ತೊಗರಿ ಸಾಲಿನ ಮರಿಗಿ ಕುಂತು ಸೀರಿ ನೋಡಿಕೋತಿದ್ಳು. ಗಂಡಗ ಹೇಳಿದ್ಳು. ಅವ ತನ್ನ ಅಪ್ಪಗ ಹೇಳಿದ, ಅಪ್ಪ ಹೋಗಿ ದೊಡ್ಡಮಾವಗ ಹೇಳಿದ್ರು. ಹೆಣ್ಣಮಕ್ಕಳ ಆ ಬ್ಯಾನಿ ಊರ ಮಂದಿಗಿ ತೋರಸ್ಕೋತ ತಿರಗೋ ಮನಿತನ ನಮ್ಮದಲ್ಲ ಅಂತ ಅಲ್ಲಿಂದ ಹುಕುಂ ಬಂತು. ಘತ್ತರಗಿ ಭಾಗ್ಯವಂತಿ ತಾಯಿ ಗುಡಿಗಿ ಹೋಗಿ, ಭೀಮಾ ಹೊಳ್ಯಾಗ ಮಿಂದು, ಉಡಿ ತುಂಬಿಸಿಕೊಂಡು ಬಾ ಅಂತ ಜೀಪು ಮಾಡಿ ಕಳಿಸಿದ್ರು. ದವಾಖಾನಿ ಕಡಿಗಿ ಮಾತ್ರ ಆ ಜೀಪು ತಿರಗಲಿಲ್ಲ. ನಾ ತಾಯಿಗಿ ಬೈಯಂಗಿಲ್ಲ, ತಾಯಿ ಏನು ಮಾಡ್ಯಾಳು. ಕಳಸಿದವರಿಗಿ ಬುದ್ಧಿ ಬ್ಯಾಡೇನು?

ಅದೇ ಬ್ಯಾಸಗ್ಯಾಗ ಒಂದು ದೊಡ್ಡ ದವಾಖಾನಿಯವರು ನಮ್ಮೂರಿಗಿ ಬಂದ್ರು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಹಳ್ಳಿಗೋಳಿಗಿ ಹೋಗಿ, ಮಂದಿಗಿ ಏನು ಬ್ಯಾನಿ ಅದ, ಏನು ಬೇಕಾಗ್ಯದ ಅಂತ ಕೇಳೋದು, ಆಮ್ಯಾಲ ಅದರ ಪ್ರಕಾರ ಡಾಕ್ಟರಿಗಿ ಕಳಸೋದು, ಇದು ಅವರ ಕೆಲಸ. ವಿಚಾರ ಚಲೋನೇ ಇತ್ತು. ಗಂಡಸರಿಗಿ ಹನುಮಂತದೇವರ ಕಟ್ಟಿ ಮ್ಯಾಲ ಕೇಳಿದ್ರು. ಹೆಣ್ಣಮಕ್ಕಳಿಗಿ ಕೇಳಾಕ ಜಾಗಾ ಎಲ್ಲಿ ಅಂದಾಗ, ಗೌಡ್ರ ಅಂಗಳ ದೊಡ್ಡದದ, ನೆರಳದ ಅಂತ ನಮ್ಮ ಮನ್ಯಾಗೇ ಜಮಖಾನಿ ಹಾಸಿದ್ರು. ಕುರ್ಚಿ ಮ್ಯಾಲ ದವಾಖಾನಿ ಸಾಹೇಬ, ಅವನ ಬಾಜೂಕ ದೊಡ್ಡಮಾವ. ಸಾಹೇಬ ಬಂದಾನಂತ ಅವತ್ತೊಂದಿನ ಗೌಡ್ರ ಮುಂದ ಕುಂಡ್ರಾಕ ಪರವಾನಗಿ ಸಿಕ್ಕು, ಓಣಿ ಸೊಸ್ತೇರೆಲ್ಲಾ ತಲಿ ತುಂಬ ಸೆರಗು ಹೊತ್ತು ಕೆಳಗ ಕುಂತಿದ್ವಿ.

"ನಿಮಗೆ ಏನು ತೊಂದರೆ ಇದೆ ಹೇಳಿ, ಸಂಕೋಚ ಪಡಬೇಡಿ" ಅಂದ ಸಾಹೇಬ, ಬೆಂಗಳೂರು ಕಡಿ ಮಾತಿಲೇ. ಒಂದಿಬ್ಬರು ಮುದುಕೇರು ಮೊಣಕಾಲು ನೋವು ಅಂದ್ರು, ಕಣ್ಣು ಮಂಜಾಗ್ಯಾವ ಅಂದ್ರು. ಆಗ ನನ್ನ ತಂಗಿ ಎದ್ದು ನಿಂತ್ಳು. "ಸಾಹೇಬ್ರ, ನನಗ..." ಅಂದ್ಳು.

ದೊಡ್ಡಮಾವ ಕೆಮ್ಮಿದ್ರು.

ಅಷ್ಟೇ. ಅಂಗಳಕ್ಕ ಅಂಗಳಾನೇ ಎದ್ದು ಒಳಗ ಹೋತು. ಕಾಲಿಗಿ ಕಲಿಸಿದ ರೂಢಿ ಅದು, ತಲಿಗಿ ಕೇಳಿ ಏಳಂಗಿಲ್ಲ. ತಂಗಿಗೂ ಯಾರೋ ರಟ್ಟಿ ಹಿಡದು ಎಳಕೊಂಡು ಬಂದ್ರು. ಬಾಗಿಲ ಸಂದ್ಯಾಗ ನಿಂತು ಕೇಳತೇವಿ, ಆ ಸಾಹೇಬ ನಕ್ಕೋತ, "ಅಯ್ಯೋ, ಟೀ ಎಲ್ಲಾ ಯಾಕೆ ಗೌಡ್ರೇ, ಬೇಡ ಅನ್ನಿ" ಅನ್ನಾಕತ್ತಾನ. ನಾವು ಚಾ ಕಾಸಾಕ ಎದ್ದೀವಿ ಅಂತ ತಿಳಕೊಂಡಿದ್ದ ಆ ಮಹಾರಾಯ. ದೊಡ್ಡಮಾವ, "ಇರ್ಲಿ ತಗೋರಿ, ಪ್ರೀತಿಲೇ ಮಾಡ್ತಾರ" ಅಂದ್ರು. ಚಾ ಕಾಸಿದಾಕಿ ನನ್ನ ತಂಗಿ. ಅದನ್ನ ಕುಡದು, ಇಲ್ಲಿ ಹೆಂಗಸರಿಗೆ ಅಂಥಾ ಸಮಸ್ಯೆ ಏನೂ ಇಲ್ಲ ಅಂತ ಬರಕೊಂಡು ಜೀಪು ಹತ್ತಿದ್ರು.

ಮುಂದ ದವಾಖಾನಿ ನಮ್ಮೂರಿಗಿ ಕಳಿಸಿದ್ದೇನು? ಮೊಣಕಾಲಿನ ಡಾಕ್ಟರು, ಕಣ್ಣಿನ ಡಾಕ್ಟರು. ಎತ್ತಿಗಿ ಜ್ವರ ಬಂದ್ರ ಎಮ್ಮಿಗಿ ಬರಿ ಹಾಕಿದ್ರಂತ, ಹಂಗಾತು. ಅತ್ತ ಕಣ್ಣಿನ ಕ್ಯಾಂಪು ನಡದಾಗ ಇತ್ತ ತಂಗಿ ಹೊಲದಾಗ ಬಿದ್ಳು. ಕಲಬುರ್ಗಿಗಿ ಒಯ್ದ್ವಿ. ಗರ್ಭಚೀಲದ ಬಾಯಿಗಿ ಕ್ಯಾನ್ಸರ್, ಭಾಳ ಮುಂದ ಹೋಗ್ಯದ ಅಂದ್ರು. ಅಲ್ಲಿ ಡಾಕ್ಟರಮ್ಮ, "ಮೊದಲ ಯಾಕ ತೋರಿಸಲಿಲ್ಲ, ನಿಮಗ ಕಣ್ಣಿಲ್ಲೇನು" ಅಂತ ನನಗ ಬೈದ್ಳು. ನಮ್ಮ ಮನ್ಯಾಗ ಒಬ್ಬರು ಕೆಮ್ಮಿದ್ರಿ ಅಂತ ಹೇಳ್ಲೇನು?

ದೊಡ್ಡಮಾವಗೂ ಆ ಕ್ಯಾಂಪಿನಾಗ ಒಂದು ಚಷ್ಮಾ ಸಿಕ್ಕಿತ್ತು. ಅದೇ ಚಷ್ಮಾ ಹಾಕ್ಕೊಂಡು ನನ್ನ ತಂಗಿ ಹೆಣ ನೋಡಿದ್ರು. ಮಣ್ಣು ಕೊಟ್ಟು ಬಂದು ಕಟ್ಟಿ ಮ್ಯಾಲ ಕುಂತು, "ಶಿವನ ಇಚ್ಛಾ, ನಮ್ಮ ಕೈಯಾಗ ಏನದ" ಅಂದ್ರು. ಈ ಮನಷ್ಯಾನ ಕೆಮ್ಮಿಗಿ ಈ ಊರಾಗ ಮೂರು ಕಾಸಿನ ಕಿಮ್ಮತ್ತು ಇರಬಾರದು, ಹಂಗ ಮಾಡದಿದ್ರ ನಾ ಅಕಿ ಅಕ್ಕ ಅಲ್ಲ ಅಂತ ಅವತ್ತೇ ಗಟ್ಟಿ ಮಾಡಿದ್ನಿ.

ಹೋದ ವರ್ಷ ಅದೇ ದವಾಖಾನಿಯವರು ತಿರುಗಿ ಬಂದ್ರು. ಈ ಸಲ ಬಂದಾಕಿ ಒಬ್ಬಾಕಿ ಹರೇದ ಡಾಕ್ಟರಮ್ಮ, ಅಫಜಲಪುರ ಕಡಿ ಹುಡುಗಿ, ನಮ್ಮಂಗೇ ಮಾತಾಡಾಕಿ. ನಾ ಈಗ ಹೆಣ್ಣಮಕ್ಕಳ ಸಂಘದ ಅಧ್ಯಕ್ಷಿ ಇದ್ದೇನಿ ಅಂತ ಮೊದಲ ನನ್ನ ಹತ್ತಿರನೇ ಬಂದ್ಳು. "ಕನ್ನಡ ಸಾಲ್ಯಾಗ ಕುಂಡ್ರೋಣೇನ್ರಿ ಅಕ್ಕಾ, ಗಂಡಸರು ಬರದಂಗ?" ಅಂದ್ಳು. ಶಾಣ್ಯಾಕಿ. ಆದರ ನನಗ ಬೇಕಾಗಿದ್ದು ಸಾಲಿ ಅಲ್ಲ.

"ಗೌಡ್ರ ಅಂಗಳದಾಗೇ ಕುಂಡ್ರೋಣ್ರಿ. ಅವರೂ ಇರ್ಲಿ. ಅವರಿಗಿ ಕೆಮ್ಮು ಭಾಳ ಅದರಿ, ಯಾವಾಗ ಹತ್ತ್ಯದೋ ಯಾರಿಗೂ ನೆನಪಿಲ್ಲ. ಮನಿ ತುಂಬ ಕೂಸುಗೋಳು ಬ್ಯಾರೆ. ಕ್ಷಯ-ಗಿಯ ಅದೇನು ನೋಡಬೇಕ್ರಿ" ಅಂದ್ನಿ. ಸುಳ್ಳೇನು ಹೇಳಿದ್ನಿ? ಆ ಕೆಮ್ಮಿಗಿ ಒಬ್ಬಾಕಿ ಸತ್ತೇ ಹೋಗ್ಯಾಳ.

ಓಣಿ ಹೆಣ್ಣಮಕ್ಕಳಿಗಿ ಮೊದಲೇ ತಾಕೀತು ಮಾಡಿದ್ನಿ, ಈ ಸಲ ಯಾರರೆ ಎದ್ರಿ ಅಂದ್ರ ಕಾಲು ಮುರೀತೇನಿ ಅಂತ. ಜಮಖಾನಿ ಬಿತ್ತು, ಎಲ್ಲಾರೂ ಕುಂತ್ರು. ಡಾಕ್ಟರಮ್ಮ ನೇರ ವಿಷಯಕ್ಕೇ ಬಂದ್ಳು. ಬಿಳಿ ಹೋಗೋದು, ರಕ್ತ ಹೋಗೋದು, ಗರ್ಭಚೀಲ ಜಾರೋದು, ಇವೆಲ್ಲಾ ಯಾರಿಗರೆ ಅವೇನು ಅಂತ ಕೇಳಿದ್ಳು. ದೊಡ್ಡಮಾವ ಕೆಮ್ಮಿದ್ರು. ನನ್ನ ಬಾಜೂಕ ಕುಂತ ಹೊಸ ಸೊಸಿ ಅರ್ಧ ಎದ್ಳು, ಅಕಿ ತೊಡಿ ಒತ್ತಿ ಕುಂದರಿಸಿದ್ನಿ. ಯಾರೂ ಏಳಲಿಲ್ಲ. ದೊಡ್ಡಮಾವ ಸುತ್ತ ನೋಡಿ ಇನ್ನೂ ಜೋರಲೇ ಕೆಮ್ಮಿದ್ರು.

ಡಾಕ್ಟರಮ್ಮ ಕುರ್ಚಿ ತಿರಿವಿದ್ಳು. "ಗೌಡ್ರ, ಎಷ್ಟು ದಿನದಿಂದ ಅದರಿ ಇದು?"

"ಇದು ಆ ಕೆಮ್ಮಲ್ಲವಾ..."

"ಕಫ ಬೀಳ್ತದೇನ್ರಿ? ಜ್ವರ ಬರ್ತದೇನ್ರಿ?" ಅನ್ಕೋತ ಮುಖಕ್ಕ ಒಂದು ಮಾಸ್ಕ್ ಕಟ್ಟಿಸಿ, ಕೈಯಾಗ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಟ್ಳು. "ಹೊರಗ ಬಯಲಿಗಿ ಹೋಗಿ, ಜೋರಲೇ ಕೆಮ್ಮಿ, ಇದರಾಗ ಉಗುಳಿ ತರ್ರಿ. ಇಲ್ಲಿ ಕೂಸುಗೋಳದಾವ, ಮಂದ್ಯಾಗ ಕುಂಡ್ರಬ್ಯಾಡ್ರಿ."

ಊರ ಗೌಡ್ರು ಡಬ್ಬಿ ಹಿಡಕೊಂಡು ಸೊಸ್ತೇರ ನಡುವ ಹಾಯ್ದು ತಲಬಾಗಿಲು ದಾಟಿದ್ರು. ಸೆರಗಿನೊಳಗ ನಗಿ ತಡಕೊಳ್ಳಾಕ ಆಗದ ಒಬ್ಬಾಕಿಗಿ ಬಿಕ್ಕಳಿಕಿ ಹತ್ತಿತು. ನಾ ನಗಲಿಲ್ಲ. ಅವರ ಬೆನ್ನು ಮರಿ ಆಗೋತನಕ ನೋಡಿದ್ನಿ. ಎಷ್ಟು ವರ್ಷದ ಮ್ಯಾಲ ನನ್ನ ಹೊಟ್ಟಿ ತಣ್ಣಗಾತು ಅಂತ ನನಗೇ ಗೊತ್ತು.

ಆಮ್ಯಾಲ ಮಾತು ಸುರು ಆದವು, ಮಧ್ಯಾಹ್ನದ ಊಟದ ಹೊತ್ತು ಮೀರಿದ್ರೂ ಮುಗೀಲಿಲ್ಲ. ಯಾರ್‍ಯಾರ ಒಳಗ ಏನೇನಿತ್ತೋ ಶಿವನೇ ಬಲ್ಲ. ಮುಂದಿನ ತಿಂಗಳದಿಂದ ವಾರಕ್ಕೊಮ್ಮೆ ಹೆಣ್ಣಮಕ್ಕಳ ಡಾಕ್ಟರು ನಮ್ಮೂರಿಗೇ ಬರಾಕ ಹತ್ತಿದ್ರು, ಗರ್ಭಚೀಲದ ಬಾಯಿ ಪರೀಕ್ಷಾ ಮಾಡಾಕ. ದೊಡ್ಡಮಾವನ ಕಫದಾಗ ಏನೂ ಸಿಗಲಿಲ್ಲ. ಸಿಗತದ ಅಂತ ನಾನೂ ತಿಳಕೊಂಡಿರಲಿಲ್ಲ.

ಆ ಪರೀಕ್ಷಾದಾಗ ಸಿಕ್ಕಿದ್ದು ಬ್ಯಾರೆ. ದೊಡ್ಡಮಾವನ ಹೆಂಡತಿ, ನಮ್ಮ ದೊಡ್ಡತ್ತಿ, ಒಂದಿನ ಅಡಗಿ ಮನ್ಯಾಗ ನನ್ನ ಕೈ ಹಿಡದು, "ನನಗೂ ಹೋಗ್ತದ ಬೇ, ಭಾಳ ದಿನ ಆತು" ಅಂದ್ಳು. ತೋರಿಸಿದ್ವಿ. ಜಲ್ದಿ ದೊಡ್ಡ ದವಾಖಾನಿಗಿ ಕರಕೊಂಡು ಬರ್ರಿ ಅಂದ್ರು. ಗಂಡ ಹೆಂಡತಿ ಸಂಗಟ ನಾನೂ ಹೋದ್ನಿ. ಸಾಲಿನಾಗ ನಿಂತು ನಮ್ಮ ಪಾಳಿ ಬಂದಾಗ, ಏನು ತ್ರಾಸ ಅದ ಅಂತ ನರ್ಸ್ ಕೇಳಿದ್ಳು. ದೊಡ್ಡತ್ತಿ ಗಂಡನ ಮುಂದ ಬಾಯಿ ಬಿಡಲಿಲ್ಲ. ದೊಡ್ಡಮಾವ ನನ್ನ ಕಡಿ ತಿರಗಿದ್ರು. ಆ ಮನಿಗಿ ಬಂದಾಗಿಂದ ಮೊದಲನೇ ಸಲ ನನಗ ನೇರ ಮಾತಾಡಿದ್ರು.

"ನೀ ಹೇಳವಾ."

"ನಾ ಹೇಳಂಗಿಲ್ರಿ. ನನ್ನ ತಂಗಿ ಹೇಳಾಕ ಎದ್ದಿದ್ಳು, ನೀವು ಬಿಡಲಿಲ್ಲ. ಇವತ್ತ ನೀವೇ ಹೇಳ್ರಿ."

ಅವರು ತುಟಿಯಾಗೇ ಏನೋ ಅಂದ್ರು. ಜೋರಲೇ ಹೇಳ್ರಿ ಅಜ್ಜಾರ, ಕೇಳಸವಲ್ದು ಅಂದ್ಳು ನರ್ಸ್. ಆಗ ಅಷ್ಟೂ ಮಂದಿ ಮುಂದ, "ನನ್ನ ಹೆಂಡತಿಗಿ ಕೆಳಗ ರಕ್ತ ಹೋಗಾಕತ್ತದ" ಅಂದ್ರು. ಒಂದು ಅಕ್ಷರಾನೂ ಬಿಡದಂಗ ಕೇಳಿಸಿಕೊಂಡ್ನಿ.

ದೊಡ್ಡತ್ತಿಗೂ ಅದೇ ಬ್ಯಾನಿ. ಆದರ ಇನ್ನೂ ಸುರುವಿಗೇ ಇತ್ತು. ಆಪರೇಷನ್ ಮಾಡಿದ್ರು, ಉಳದ್ಳು. ಸರಿಯಾದ ಹೊತ್ತಿಗಿ ತಂದೀರಿ ಗೌಡ್ರ ಅಂತ ಡಾಕ್ಟರು ಹೇಳಿದಾಗ ದೊಡ್ಡಮಾವ ಕಣ್ಣೀರು ತೆಗದು, ಎಲ್ಲಾರ ಮುಂದ ನನಗ ಎರಡೂ ಕೈ ಎತ್ತಿ ಮುಗಿದ್ರು.

ನಾ ತಿರುಗಿ ಮುಗೀಲಿಲ್ಲ.