ಗುಂಟೂರು ಮೆಣಸಿನಕಾಯಿಗೆ ತುಮಕೂರಿನ ಅಳತೆ

ಎಂಟುನೂರ ನಲವತ್ತು ರೂಪಾಯಿ. ನಾಲ್ಕು ಮನೆಗೆ ಒಂದು ವರ್ಷಕ್ಕಾಗುವ ಸಾರಿನ ಪುಡಿಗೆ ಬಿದ್ದ ಖರ್ಚು ಅಷ್ಟು. ಮೆಣಸಿನಕಾಯಿ, ಧನಿಯಾ, ಜೀರಿಗೆ, ಮೆಂತ್ಯ, ಕಾಳುಮೆಣಸು, ಇಂಗು, ಮಿಲ್ಲಿನವನ ಕೂಲಿ ಎಲ್ಲ ಸೇರಿ. ರೈಲಿನ ಚಾರ್ಜು ಇದರಲ್ಲಿಲ್ಲ. ಯುಗಾದಿಗೆ ವಿಜಯವಾಡದ ನಾದಿನಿಯ ಮನೆಗೆ ಹೇಗೂ ಹೋಗುವುದಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿದರೆ ನನಗೇ ನಾಚಿಕೆ. ಅಂಗಡಿಯ ಪ್ಯಾಕೆಟ್ ಪುಡಿಯಾಗಿದ್ದರೆ ಇದರ ಎರಡರಷ್ಟಾಗುತ್ತಿತ್ತು. ಊರಿಂದ ಬ್ಯಾಡಗಿ ಮೆಣಸಿನಕಾಯಿ ತರಿಸಿದರೆ ಪಾರ್ಸಲ್ ದುಡ್ಡೇ ಒಂದು ಗಂಟು. ಗುಂಟೂರು ಮೆಣಸಿನಕಾಯಿಯ ಸೀಮೆಯಲ್ಲಿ ಕೂತು ಹಾವೇರಿ ಕಡೆಯಿಂದ ಮೆಣಸಿನಕಾಯಿ ತರಿಸುವವರಿಗೆ ಏನನ್ನಬೇಕು? ಹೀಗೆಂದು ಮೂರು ಮನೆಯವರ ಮುಂದೆ ಭಾಷಣ ಮಾಡಿ ದುಡ್ಡು ಎತ್ತಿದವಳು ನಾನೇ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಮ್ಮವರಿಗೆ ವಿಶಾಖಪಟ್ಟಣದಲ್ಲಿ ಉಕ್ಕಿನ ಕಾರ್ಖಾನೆಯ ಕೆಲಸ, ನಮಗೆ ಟೌನ್‌ಶಿಪ್ಪಿನ ಕ್ವಾರ್ಟರ್ಸು. ಪಕ್ಕದ ಮನೆಯವರು ಧಾರವಾಡದವರು, ಮೇಲಿನ ಮನೆಯವರು ಶಿವಮೊಗ್ಗದವರು. ನಾಲ್ಕನೆಯ ಪಾಲು ಗೇಟಿನ ಆಚೆ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದ ಹಾಸನದ ಹುಡುಗಿಯದು. ಹುಡುಗಿ ಎಂದರೂ ಮೂರು ವರ್ಷದ ಮಗುವಿನ ತಾಯಿ. ಅವಳ ಗಂಡ ಕಂಟ್ರಾಕ್ಟರನ ಕೈಕೆಳಗೆ ದುಡಿಯುತ್ತಿದ್ದ. ಸಂಬಳ ಬಂದಾಗ ಬಂತು, ಇಲ್ಲದಿದ್ದರೆ ಇಲ್ಲ. ತವರಿನಿಂದ ಬರುವಾಗ ಅಮ್ಮ ಕೈಗಿಟ್ಟ ದುಡ್ಡಿನಲ್ಲಿ ಇನ್ನೂರ ಹತ್ತು ಎಣಿಸಿ ಕೊಟ್ಟಿದ್ದಳು.

"ವರ್ಷಕ್ಕಾಗುತ್ತೆ ಅಂದ್ರಲ್ಲಕ್ಕಾ, ಅದಕ್ಕೇ ಕೊಡ್ತಿರೋದು. ಇವ್ರಿಗೆ ಇನ್ನೂ ಹೇಳಿಲ್ಲ."

ಆ ದುಡ್ಡು ಅವಳ ಮನೆಗೆ ಹತ್ತು ಹದಿನೈದು ದಿನದ ಅಕ್ಕಿ ಬೇಳೆ. ಅದು ನನಗೂ ಗೊತ್ತಿತ್ತು.

ವಿಜಯವಾಡದ ಹಳೇ ಪೇಟೆಯಲ್ಲಿ ಮೆಣಸಿನಕಾಯಿ ಮೂಟೆಗಳ ನಡುವೆ ನಿಂತಾಗ ನನಗೊಂದು ನಿಯಮವಿತ್ತು: ಗೊತ್ತಿಲ್ಲದ ಪೇಟೆಯಲ್ಲಿ ಪ್ರಶ್ನೆ ಕೇಳಬಾರದು. ಕೇಳಿದರೆ ಹೊರಗಿನವಳೆಂದು ಗೊತ್ತಾಗಿ ಕಿಲೋಗೆ ಎರಡು ರೂಪಾಯಿ ಏರುತ್ತದೆ. ತೆಲುಗು ಮನೆಗೆ ಸೊಸೆಯಾಗಿ ಹೋದ ನಾದಿನಿ ಪಕ್ಕದಲ್ಲೇ ಇದ್ದಳು.

"ಅತ್ತಿಗೆ, ಖಾರ ಹೆಂಗಿದೆ ಅಂತ ಒಂದ್ ಮಾತು ಕೇಳೋಣ್ವಾ?" ಎಂದಳು.

ಅವಳ ತೋಳು ಚಿವುಟಿ ಸುಮ್ಮನಾಗಿಸಿದೆ. ನಮ್ಮ ಕಡೆ ಮೆಣಸಿನಕಾಯಿಯ ಯೋಗ್ಯತೆ ನೋಡುವುದು ಬಣ್ಣದಲ್ಲಿ. ಎಲ್ಲಕ್ಕಿಂತ ಕೆಂಪಗೆ ಹೊಳೆಯುತ್ತಿದ್ದ ಮೂಟೆಗೆ ಕೈ ಹಾಕಿ, ತೆಲುಗಿನವಳ ಹಾಗೇ ಮೂತಿ ತಿರುಗಿಸಿ ಚೌಕಾಸಿ ಮಾಡಿದೆ. ಅಂಗಡಿಯವನು "ಇಂಕಾ ತಗ್ಗದಮ್ಮಾ" ಎಂದು ಕೈಮುಗಿದ. ಅಂದರೂ ಕಿಲೋಗೆ ಮೂರು ರೂಪಾಯಿ ಇಳಿಸಿಯೇ ತೂಗಿಸಿಕೊಂಡೆ. ಎಷ್ಟು ಬೀಗಿದ್ದೆನೆಂದರೆ, ದಾರಿಯುದ್ದಕ್ಕೂ ಚೀಲ ನಾನೇ ಹೊತ್ತೆ.

ವಿಶಾಖಪಟ್ಟಣಕ್ಕೆ ಬಂದು ತುಮಕೂರಿನಲ್ಲಿ ಅಮ್ಮ ಬ್ಯಾಡಗಿಗೆ ಹಿಡಿಯುವ ಅಳತೆಯಲ್ಲೇ ಹುರಿದೆ: ಧನಿಯಾ ಎಷ್ಟೋ ಮೆಣಸಿನಕಾಯಿಯೂ ಅಷ್ಟೇ. ಜಾಗ್ರತೆಗೆಂದು ಒಂದು ಹಿಡಿ ಮೆಣಸಿನಕಾಯಿ ತೆಗೆದಿಟ್ಟೆ. ಮಿಲ್ಲಿನವನು ಮೂಗಿಗೆ ಟವೆಲ್ ಸುತ್ತಿಕೊಂಡು, "ಎಂತಮಂದಿಕಮ್ಮಾ, ಪೆಳ್ಳಾ?" ಎಂದ. ಎಷ್ಟು ಜನಕ್ಕೆ, ಮದುವೆಯೇನು ಎಂಬುದು ಅವನ ಕುಹಕ. ಆಗಲೂ ನನಗೆ ಹೊಳೆಯಲಿಲ್ಲ, ನಾಲ್ಕು ಪಾಲು ಮಾಡಿ ಹಂಚಿಬಿಟ್ಟೆ.

ಹೊಳೆದದ್ದು ಊಟದ ಹೊತ್ತಿಗೆ. ನಮ್ಮವರು ಒಂದು ತುತ್ತು ನುಂಗಿ, ನೀರು ಕುಡಿದು, ಇನ್ನೊಂದು ಲೋಟ ಕುಡಿದು, "ಇದು ಸಾರೋ, ಫರ್ನೇಸೋ?" ಎಂದರು. ಅಷ್ಟರಲ್ಲಿ ಧಾರವಾಡದವರು ಬಾಗಿಲಲ್ಲಿ ನಿಂತಿದ್ದರು.

"ಅಕ್ಕಾರ, ನಾವು ಖಾರ ತಿನ್ನೂ ಮಂದೀನ ರೀ. ನಮಗ ಕಣ್ಣಾಗ ನೀರ ಬಂತು. ವರ್ಷಗಟ್ಟಲೆ ಉಳೀತದ ಅಂದಿದ್ರಿ, ಖರೇನ ಉಳೀತದ ಬಿಡ್ರಿ, ಯಾರೂ ತಿನ್ನಂಗಿಲ್ಲ!"

ಅವರು ನಕ್ಕರು, ನಾನೂ ನಕ್ಕೆ. ನನ್ನ ಜೀವವೆಲ್ಲ ಗೇಟಿನ ಆಚೆಯ ಮನೆಯ ಮೇಲಿತ್ತು. ಹೋಗಿ ನೋಡಿದರೆ ಮಗುವಿನ ತುಟಿ ಕೆಂಪಗಾಗಿದೆ, ತಟ್ಟೆಯಲ್ಲಿ ಮೊಸರನ್ನವಿದೆ. ಮೊಸರು ಅಂಗಡಿಯದು, ಅದಕ್ಕೂ ದುಡ್ಡು.

"ಪರವಾಗಿಲ್ಲಕ್ಕಾ, ಚಿಟಿಕೆ ಚಿಟಿಕೆ ಹಾಕ್ಕೋತೀನಿ," ಎಂದಳು.

"ಚಿಟಿಕೆ ಹಾಕಿದ್ರೆ ಸಾರು ಆಗುತ್ತೇನೇ? ಬರೀ ಹುಳಿನೀರು. ತಗೋ, ನಿನ್ನ ದುಡ್ಡು."

"ನಿಮ್ ಕೈಯಿಂದ ಹಾಕಿ ಕೊಟ್ರೆ ನಾನ್ ತಗೊಳ್ಳಲ್ಲ. ನಿಮ್ದೂ ಹೋಗಿದೆಯಲ್ಲ. ಇವ್ರು ಪುಡಿ ಎಲ್ಲಿಂದ ಬಂತು ಅಂದ್ರು, ನೀವು ಕೊಟ್ರಿ ಅಂದೆ. ಅಷ್ಟೇ."

ಇದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಡಬ್ಬಿ ತೆಗೆಯುವುದು, ಮೂಸುವುದು, ಮುಚ್ಚುವುದು, ಬಾಲ್ಕನಿಗೆ ಹೋಗುವುದು, ಮತ್ತೆ ಡಬ್ಬಿ. ಬೆಲ್ಲ ಹಾಕಿದೆ, ತೆಂಗಿನಕಾಯಿ ಹಾಕಿದೆ. ಬೇಳೆ ಹೆಚ್ಚಿಸಿದರೆ ಖಾರ ಇಳಿಯಿತು, ಆದರೆ ಪುಡಿಯಲ್ಲಿ ಉಳಿಸಿದ್ದು ಬೇಳೆಯಲ್ಲಿ ಹೋಯಿತು. ಇನ್ನಷ್ಟು ಧನಿಯಾ ಬೆರೆಸೋಣವೆಂದರೆ, ಅಷ್ಟೂ ಪುಡಿಯನ್ನು ಬಾಯಿಗಿಡುವ ಹಾಗೆ ಮಾಡಲು ಮತ್ತೆರಡು ಪಾಲು ಬೇಕು. ಅದು ಮೂರು ವರ್ಷದ ಪುಡಿ. ಈ ಕಡಲ ಗಾಳಿಯಲ್ಲಿ ಪುಡಿ ಒಂದು ಮಳೆಗಾಲ ದಾಟುವುದೇ ಕಷ್ಟ. ಗಂಟು ಕಟ್ಟಿ ಬೂಷ್ಟು ಹಿಡಿಯುತ್ತದೆ. ಒಂದು ಸಂಜೆ ಸಿಂಹಾಚಲಂ ಬೆಟ್ಟದ ಮೇಲೆ ಮೋಡ ಕೂತದ್ದು ಕಂಡಾಗ, ಅದು ನನ್ನ ಡಬ್ಬಿಗೇ ಬಂದ ಮೋಡ ಅನ್ನಿಸಿತು.

ಖಾರ ಕಮ್ಮಿ ಮಾಡಲಾಗದಿದ್ದರೆ, ಖಾರ ಬೇಕಾದವರನ್ನು ಹುಡುಕಬೇಕು. ಇದು ಹೊಳೆದದ್ದೇ ತಡ, ನಾಲ್ಕೂ ಮನೆಯಿಂದ ಪುಡಿ ವಾಪಸು ತಂದು, ದೊಡ್ಡ ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ, ವಿಜಯವಾಡಕ್ಕೆ ಬೆಳಗಿನ ರೈಲು ಹತ್ತಿದೆ. ಈ ಸಲದ ಚಾರ್ಜು ನನ್ನ ತಪ್ಪಿಗೆ ದಂಡ. ಬಟ್ಟೆ ಕಟ್ಟಿದ್ದರೂ ಘಾಟು ನಿಲ್ಲಲಿಲ್ಲ. ಎದುರು ಸೀಟಿನವರು ಸೀನುತ್ತ ಸೀನುತ್ತ ಬೇರೆ ಕಡೆ ಹೋದರು. ನನಗೆ ಕಾಲು ಚಾಚಲು ಜಾಗವಾಯಿತು.

ನಾದಿನಿಯ ಅತ್ತೆ ಬಿಸಿ ಅನ್ನಕ್ಕೆ ಎಣ್ಣೆ ಬಿಟ್ಟು, ಒಂದು ಚಮಚ ಪುಡಿ ಕಲಸಿ ಬಾಯಿಗಿಟ್ಟರು. ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ನೀರು ಬರಲಿಲ್ಲ. ಇನ್ನೊಂದು ಚಮಚ ಹಾಕಿಕೊಂಡು ಏನೋ ಅಂದರು. ನಾದಿನಿ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು.

"ಕನ್ನಡದವರಿಗೆ ಈಗ ಬುದ್ಧಿ ಬಂತು ಅಂತಿದಾರೆ ಅತ್ತಿಗೆ. ಹೋದ್ಸಲ ನೀವು ಮಾಡಿದ ಸಾಂಬಾರು ಪಾಯಸದ ಥರ ಇತ್ತಂತೆ."

ಪಾಯಸವಂತೆ! ಇರಲಿ, ವ್ಯಾಪಾರದ ಹೊತ್ತಿಗೆ ರೋಷ ಬೇಡ. ಬೆಂಡೆಕಾಯಿ ಪಲ್ಯಕ್ಕೆ, ಬದನೆಕಾಯಿಗೆ ಉದುರಿಸಲು ಇದು ಹೇಳಿಮಾಡಿಸಿದ್ದೆಂದು ಅವರೇ ಒಪ್ಪಿದರು. ಅಕ್ಕಪಕ್ಕದ ಇಬ್ಬರು ಹೆಂಗಸರನ್ನೂ ಕರೆದರು. ನಾನು ದುಡ್ಡು ಕೇಳಲಿಲ್ಲ. ಬೀಗರ ಮನೆಯಲ್ಲಿ ದುಡ್ಡು ಕೇಳಿದರೆ ನಾದಿನಿಗೆ ಮಾತು ಬರುತ್ತದೆ. ಮೂಲೆಯಲ್ಲಿದ್ದ ಮೂಟೆಗಳ ಕಡೆ ನೋಡಿದೆ. ಅವರ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಬೆಳೆದ ಇಡೀ ಉದ್ದು. ಸೇರು ಪುಡಿಗೆ ಮೂರು ಸೇರು ಉದ್ದು ಎಂದೆ. ಅತ್ತೆಯವರು ಒಂದು ಎಂದರು. ನಾನು ಡಬ್ಬಿಗೆ ಮುಚ್ಚಳ ಹಾಕಿದೆ. ಅವರು ಮೂಟೆಯ ಬಾಯಿ ಕಟ್ಟಿದರು. ಕಾಫಿ ಬಂತು, ಕುಡಿದೆವು. ಎರಡಕ್ಕೆ ನಿಂತಿತು, ಮೇಲೊಂದು ಪಡಿ ನನ್ನ ಹಟಕ್ಕೆ. ನನ್ನ ಹಾಗಿನ ಹೆಂಗಸು ವಿಜಯವಾಡದಲ್ಲೂ ಒಬ್ಬರಿದ್ದಾರೆಂದು ಅವತ್ತು ಗೊತ್ತಾಯಿತು.

ಸ್ವಲ್ಪ ಪುಡಿ ಉಳಿಸಿಕೊಂಡಿದ್ದೆ. ಅದಕ್ಕೆ ಧನಿಯಾ ಬೆರೆಸಿ ನಾಲ್ಕು ಮನೆಗೂ ಮಳೆಗಾಲದವರೆಗಿನ ಸಾರಿನ ಪುಡಿಯಾಯಿತು. ಉದ್ದನ್ನು ಮೊದಲು ಅಳೆದದ್ದು ಹಾಸನದ ಹುಡುಗಿಗೆ, ಸೇರಿನ ಮೇಲೆ ಗೋಪುರ ಕಟ್ಟಿ. ಅವಳ ದುಡ್ಡಿಗೆ ಮೋಸವಾಗಲಿಲ್ಲ. ದೋಸೆಗೆ, ಇಡ್ಲಿಗೆ ತಿಂಗಳುಗಟ್ಟಲೆ ಯೋಚನೆಯಿಲ್ಲ. ಗಂಡನಿಗೆ ಅವತ್ತೇ ಎಲ್ಲ ಹೇಳಿದಳಂತೆ. ಚೀಲದೊಳಗೆ ಕೈಯಾಡಿಸುತ್ತ ಕೇಳಿದಳು:

"ಅಕ್ಕಾ, ಇಷ್ಟಕ್ಕೂ ಹುಳ ಬಿದ್ರೆ?"

ನನಗೆ ಮತ್ತೆ ಕೂರಲಾಗಲಿಲ್ಲ. ಅವಳಿಗೆ ಅವತ್ತು ನಿಂತುಕೊಂಡೇ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಕಡಲ ಪಕ್ಕದ ಊರಿನಲ್ಲಿ ಕಾಳು ಒಣಗಿಸುವುದಾದರೆ ಮಧ್ಯಾಹ್ನದ ಬಿಸಿಲು ಇಳಿಯುವ ಮೊದಲೇ ಒಳಗೆ ತನ್ನಿ. ಸಂಜೆಯ ಗಾಳಿಗೆ ಬಿಟ್ಟರೆ ಒಣಗಿದ್ದೆಲ್ಲ ಮತ್ತೆ ತೇವ ಹೀರುತ್ತದೆ. ಬಿಸಿಯಿರುವಾಗ ಡಬ್ಬಿಗೆ ತುಂಬಬೇಡಿ, ಮುಚ್ಚಳದಡಿ ಬೆವರು ಕೂರುತ್ತದೆ. ಇಡೀ ಕಾಳಿಗೆ ಅಂಗೈಯಲ್ಲಿ ಒಂದಿಷ್ಟು ಹರಳೆಣ್ಣೆ ಸವರಿಡಿ. ದೊಡ್ಡ ಡಬ್ಬಿಯನ್ನು ದಿನಾ ತೆಗೆಯಬೇಡಿ, ವಾರಕ್ಕಾಗುವಷ್ಟನ್ನು ಸಣ್ಣ ಡಬ್ಬಿಗೆ ಹಾಕಿಕೊಳ್ಳಿ. ಪುಡಿಯನ್ನು ವರ್ಷಕ್ಕಾಗುವಷ್ಟು ಮಾಡಬೇಡಿ. ಮೆಣಸಿನಕಾಯಿ ಇಡಿಯಾಗಿಯೇ ಇರಲಿ, ಮೂರು ತಿಂಗಳಿಗೊಮ್ಮೆ ಕುಟ್ಟಿಕೊಳ್ಳಿ. ಹೊಸ ಊರಿನ ಮೆಣಸಿನಕಾಯಿಯಾದರೆ ಮೊದಲು ಕಾಲು ಕಿಲೋ ತಂದು ಒಂದು ದಿನದ ಸಾರು ಮಾಡಿ ನೋಡಿ. ಮತ್ತೆ, ಅಂಗಡಿಯವನನ್ನು ಕೇಳಿ. ಕಿಲೋಗೆ ಎರಡು ರೂಪಾಯಿ ಏರಿದರೆ ಏರಲಿ. ಚೌಕಾಸಿ ಆಮೇಲೆ ಮಾಡಬಹುದು.