ಸ್ಟೋವಿನ ವಾಷರ್, ಕಾರಿನ ವಾಷರ್

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವನದು ಅಕ್ಕಿ ಗಿರಣಿ. ಜೊತೆಗೆ ಒಂದು ಹಳೆಯ ವಿಲಾಯತಿ ಕಾರು. ಅದರ ಮೇಲೆ ಅವರಿಗೆ ಗಿರಣಿಗಿಂತ ಹೆಚ್ಚು ಪ್ರೀತಿ. ಒಂದು ಸಂಜೆ ಅಂಜನಾಪುರದ ಏರಿಯಿಂದ ಇಳಿಯುವಾಗ ಬ್ರೇಕಿನ ಪೆಡಲ್ ಸುಮ್ಮನೆ ನೆಲ ಮುಟ್ಟಿತು. ಭಾವ ಗೇರು ಇಳಿಸಿ, ಗದ್ದೆಯ ಬದುವಿಗೆ ತಾಗಿಸಿ ಕಾರು ನಿಲ್ಲಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ಪಕ್ಕದಲ್ಲಿದ್ದ ಅಕ್ಕ ಇಳಿದು ನಡೆದೇ ಹೊರಟಳು.

"ಇನ್ನು ಇದರಲ್ಲಿ ನಾನು ಕೂರಲ್ಲ, ನೀವೂ ಕೂರಬೇಡಿ. ಮಾರಿಬಿಡ್ರಿ."

"ಒಂದು ಸಲ ರಿಪೇರಿ ಮಾಡ್ತೀನಿ. ಆಮೇಲೂ ನಿನಗೆ ಧೈರ್ಯ ಬರದಿದ್ರೆ ಮಾರ್ತೀನಿ," ಎಂದರು ಭಾವ. ಅವರು ಮಾತಿಗೆ ತಪ್ಪುವವರಲ್ಲ. ಹಾಗಾಗಿಯೇ ಅವತ್ತು ಅವರಿಗೆ ಊಟ ಸೇರಲಿಲ್ಲ.

ದೋಷವಿದ್ದದ್ದು ಪೆಡಲಿನ ಹಿಂದಿನ ಮಾಸ್ಟರ್ ಸಿಲಿಂಡರಿನಲ್ಲಿ. ಪೆಡಲ್ ಒತ್ತಿದರೆ ಅದರೊಳಗಿನ ಪಿಸ್ಟನ್ ಎಣ್ಣೆಯನ್ನು ನಾಲ್ಕು ಚಕ್ರಗಳ ಕಡೆಗೆ ತಳ್ಳುತ್ತದೆ. ಎಣ್ಣೆ ಹಿಂದಕ್ಕೆ ಸೋರದಂತೆ ತಡೆಯುವುದು ಬಟ್ಟಲಿನಾಕಾರದ ಒಂದು ರಬ್ಬರ್ ವಾಷರ್. ನಮ್ಮದರ ಅಂಚು ಹರಿದಿತ್ತು. ಶಿವಮೊಗ್ಗದಿಂದ ಹೊಸದು ತರಿಸಿದೆವು. ಒಂದು ಬೇಕಾದಲ್ಲಿ ಎರಡು ತರಿಸುವುದು ಗಿರಣಿಯ ರೂಢಿ.

ಗಿರಣಿಗೆ ಇನ್ನೊಂದು ರೂಢಿಯೂ ಇತ್ತು: ಬಿಚ್ಚಿದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕಿ ತೊಳೆಯುವುದು. ಭಾವ ಪಿಸ್ಟನ್, ಸ್ಪ್ರಿಂಗ್‌ಗಳ ಜೊತೆಗೆ ಹೊಸ ವಾಷರನ್ನೂ ಡಬ್ಬಿಯಲ್ಲಿ ಮುಳುಗಿಸಿಟ್ಟರು. ಜೋಡಿಸುವಾಗ ಅದು ಒಳಗೆ ಹೋಗಲು ಹಟ ಮಾಡಿತು. "ಬಿಗಿ ಇದ್ದಷ್ಟೂ ಒಳ್ಳೇದು," ಎಂದು ಒತ್ತಿ ಕೂರಿಸಿದರು.

ಕಾರು ಅಂಗಳದಲ್ಲಿ ಮಾರುದೂರ ಹೋಯಿತು. ಭಾವ ಬ್ರೇಕ್ ಒತ್ತಿದರು, ನಿಂತಿತು. ಕಾಲು ತೆಗೆದರೂ ಬ್ರೇಕ್ ಬಿಡಲಿಲ್ಲ. ಇಂಜಿನ್ ಎಷ್ಟು ಅರಚಿದರೂ ಚಕ್ರ ತಿರುಗಲಿಲ್ಲ.

ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಅಕ್ಕ ತಲೆ ಎತ್ತಿದಳು. "ಮೊದ್ಲು ನಿಲ್ತಿರಲಿಲ್ಲ, ಈಗ ಹೊರಡ್ತಾನೇ ಇಲ್ಲ. ಇನ್ನು ಯಾರು ಬೇಕಾದ್ರೂ ಧೈರ್ಯವಾಗಿ ಕೂರಬಹುದು ಬಿಡ್ರಿ!"

ಮತ್ತೆ ಬಿಚ್ಚಿದೆವು. ಪೊಟ್ಟಣದಲ್ಲಿ ಉಳಿದಿದ್ದ ವಾಷರನ್ನು ನಾನು ಒಳಗಿಂದ ತೆಗೆದದ್ದರ ಪಕ್ಕದಲ್ಲಿಟ್ಟೆ. ಒಂದೇ ಅಳತೆಯವು ಈಗ ಒಂದೇ ಅಳತೆಯವಾಗಿರಲಿಲ್ಲ.

"ಸೀಮೆಎಣ್ಣೆ ಕುಡಿದು ಊದಿದೆ, ಭಾವ. ಅದಕ್ಕೇ ಒಳಗೆ ಸಿಕ್ಕಿಕೊಂಡು ಹಿಂದಕ್ಕೆ ಬರ್ತಿಲ್ಲ."

"ಹೋಗೋ! ನಿಮ್ಮಕ್ಕನ ಸ್ಟೋವಿನ ವಾಷರ್ ವರ್ಷಗಟ್ಟಲೆ ಸೀಮೆಎಣ್ಣೆ ಜೊತೆಗೇ ಇರುತ್ತೆ. ಅದು ಊದಿದೆಯಾ?"

ಅಕ್ಕ ಒಳಗೆ ಹೋಗಿ, ಸ್ಟೋವಿನ ಪಂಪಿನ ಕಡ್ಡಿಯನ್ನು ತುದಿಯ ವಾಷರಿನ ಸಮೇತ ಬಿಚ್ಚಿ ತಂದು ಗಂಡನ ಕೈಗಿಟ್ಟಳು. "ಸರಿಯಾಗಿ ನೋಡ್ರಿ. ಇದು ಚರ್ಮ, ರಬ್ಬರಲ್ಲ. ಬರೀ ಕಾಫಿ ಕುಡಿಯೋರಿಗೆ ಹೇಗೆ ಗೊತ್ತಾಗ್ಬೇಕು?"

ಮೊದಲು ನಕ್ಕವರು ಭಾವನೇ. ಆಮೇಲೆ ಕೆಲಸ ಸಲೀಸಾಯಿತು. ಲೋಹದ ಭಾಗಗಳನ್ನೂ ಕೊಳವೆಗಳನ್ನೂ ಸ್ಪಿರಿಟ್‌ನಲ್ಲಿ ತೊಳೆದು ಒಣಗಿಸಿದೆವು. ಎರಡನೆಯ ವಾಷರಿಗೆ ಬ್ರೇಕ್ ಎಣ್ಣೆ ಸವರಿದಾಗ ಅದು ತಾನಾಗಿ ಜಾರಿ ಒಳಗೆ ಕೂತಿತು.

ಉಳಿದದ್ದು ಕೊಳವೆಗಳಲ್ಲಿ ಸೇರಿದ್ದ ಗಾಳಿಯನ್ನು ತೆಗೆಯುವುದು. ಅದಕ್ಕೆ ಒಬ್ಬರು ಪೆಡಲ್ ಒತ್ತಬೇಕು, ಒಬ್ಬರು ಚಕ್ರದ ಹತ್ತಿರ ತಿರುಪು ಸಡಿಲಿಸಬೇಕು, ಇನ್ನೊಬ್ಬರು ಎಣ್ಣೆ ಹೊಯ್ಯುತ್ತಿರಬೇಕು. ಮೊದಲ ಸಲ ಜೋಡಿಸಿದಾಗ ಪೆಡಲ್ ಒತ್ತಿದ್ದ ಗಿರಣಿಯ ಆಳು ಅಂದು ಬಂದಿರಲಿಲ್ಲ. ಭಾವ ಅಕ್ಕನ ಕಡೆ ನೋಡಿದರು.

"ಕಾರು ಓಡಲ್ಲ ತಾನೆ?" ಎಂದಳು.

"ಚಕ್ರಕ್ಕೆ ಕಲ್ಲು ಕೊಟ್ಟಿದೀನಿ, ಬಾ."

ಅಕ್ಕ ಸೆರಗು ಸಿಕ್ಕಿಸಿಕೊಂಡು ಭಾವನ ಜಾಗದಲ್ಲಿ ಕೂತಳು. ನಾನು "ಒತ್ತು" ಎಂದಾಗ ಒತ್ತಿದಳು, "ಬಿಡು" ಎಂದಾಗ ಬಿಟ್ಟಳು. ತಿರುಪಿನ ಬಾಯಲ್ಲಿ ಎಣ್ಣೆಯ ಜೊತೆ ಗುಳ್ಳೆಗಳು ಬಂದವು.

"ಬೆಣ್ಣೆ ತುಳಿದ ಹಾಗಿದೆ," ಎಂದಳು ಮೊದಲ ಚಕ್ರಕ್ಕೆ. ಮುಂದಿನದಕ್ಕೆ, "ಈಗ ಹಸಿ ಮಣ್ಣು." ಕೊನೆಯ ಚಕ್ರದ ತಿರುಪು ಬಿಗಿಮಾಡಿದ ಮೇಲೆ ನಾನೇನೂ ಹೇಳದಿದ್ದರೂ ಅವಳು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದಳು. ಪೆಡಲ್ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತಿತ್ತು, ಬಿಟ್ಟರೆ ಮೇಲೇಳುತ್ತಿತ್ತು.

"ಈಗ ಕಲ್ಲು," ಎಂದು ಇಳಿದಳು. "ನಾಳೆ ಕುಪ್ಪಗಡ್ಡೆಗೆ ಹೋಗಿ ಅಮ್ಮನ್ನ ನೋಡ್ಕೊಂಡು ಬರೋಣ್ರಿ."

ಭಾವ ಎಣ್ಣೆಯ ಡಬ್ಬಿ ಹಿಡಿದುಕೊಂಡೇ ನಿಂತಿದ್ದರು.

ಮರುದಿನ ಸೊರಬ ದಾಟಿ ಒಂದು ಇಳಿಜಾರಿನಲ್ಲಿ ಹೋಗುತ್ತಿದ್ದೆವು. ಪಕ್ಕದ ಮನೆಯವರು ಉಪ್ಪು ಕಡಿಮೆ ಹಾಕಿ ಒಂದು ಜಾಡಿ ಉಪ್ಪಿನಕಾಯಿ ಕೆಡಿಸಿಕೊಂಡ ಕತೆಯನ್ನು ಅಕ್ಕ ಹೇಳುತ್ತಿದ್ದಳು. ಆಗ ಎಮ್ಮೆಯೊಂದು ರಸ್ತೆಗೆ ಅಡ್ಡ ಬಂತು. ಭಾವ ಬ್ರೇಕ್ ಒತ್ತಿದರು. ಕಾರು ಎಮ್ಮೆಯಿಂದ ದೂರದಲ್ಲೇ, ನೆಟ್ಟಗೆ ನಿಂತಿತು. ಅಕ್ಕನ ಕತೆ ನಿಲ್ಲಲಿಲ್ಲ.

"ಕಾರು ನಿಂತದ್ದು ನೋಡಿದೆಯೇನೆ?" ಎಂದರು ಭಾವ, ತಡೆಯಲಾರದೆ.

"ನಿಲ್ಲದೆ ಏನು ಮಾಡುತ್ತೆ? ಒತ್ತಿ ನೋಡಿದೋಳು ನಾನಲ್ವಾ," ಎಂದ ಅಕ್ಕ ಮತ್ತೆ ಉಪ್ಪಿನಕಾಯಿಗೆ ಮರಳಿದಳು.