ಕೂಲರ್ ಚಾಚಾನ ಅಣಬೆ ಪೆಟ್ಟಿಗೆ

ಈ ಬೇಸಿಗೆಗೆ ಕೂಲರಿಗೆ ಹೊಸ ಹುಲ್ಲು ಹಾಕಿಸಿದೆ. ಹುಲ್ಲೆಂದರೆ ನಿಜವಾದ ಹುಲ್ಲಲ್ಲ, ಮರ ಕೀಸಿದ ತೆಳ್ಳನೆಯ ಎಳೆಗಳು. ಬಳ್ಳಾರಿಯಲ್ಲಿ ನಾವು ಅದನ್ನು ಹುಲ್ಲು ಎಂದೇ ಕರೆಯುವುದು. ನೀರು ಇಳಿದು ಮೊದಲ ಗಾಳಿ ಮುಖಕ್ಕೆ ಬಡಿದಾಗ ಒದ್ದೆ ಮರದ ವಾಸನೆ ಬಂತು. ಉಳಿದವರಿಗೆ ಅದು ತಂಪಿನ ವಾಸನೆ. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು, ಹಿಂಬದಿಯ ಜಾಲರಿ ತೆಗೆದು ಒಳಗೆ ನೋಡಿದೆ. ಏನೂ ಇರಲಿಲ್ಲ. ಪ್ರತಿ ವರ್ಷವೂ ನೋಡುತ್ತೇನೆ, ಮನೆಯವರು ನಗುತ್ತಾರೆ.

ಗಾಂಧಿನಗರಕ್ಕೆ ಬರುವ ಮೊದಲು ನಾವು ಕೌಲ್ ಬಜಾರಿನಲ್ಲಿ ಬಾಡಿಗೆಗಿದ್ದೆವು. ನಾವು ಮೇಲೆ, ಮನೆಯ ಮಾಲೀಕರು ಕೆಳಗೆ. ಇಡೀ ಓಣಿ ಅವರನ್ನು ಕೂಲರ್ ಚಾಚಾ ಎನ್ನುತ್ತಿತ್ತು. ತಗಡು ಕತ್ತರಿಸಿ, ಬಗ್ಗಿಸಿ, ತಾವೇ ಕೂಲರ್ ಕಟ್ಟುತ್ತಿದ್ದ ಮನುಷ್ಯ. ಎಸಿಗಳು ಬಂದ ಮೇಲೆ ಅವರ ಕಸುಬು ಕುಂಟತೊಡಗಿತ್ತು, ನಾಲಿಗೆ ಮಾತ್ರ ಕುಂಟಿರಲಿಲ್ಲ. "ಎಸಿ ಅಂದ್ರ ಒಂದ ಗಾಳಿನ ತಿರುತಿರುಗಿ ಕುಡಿಯೋದ್ರಿ ಟೀಚರಮ್ಮ. ಎಂಜಲ ಗಾಳಿ" ಎನ್ನುತ್ತಿದ್ದರು.

ನನ್ನ ತವರು ಸಿರುಗುಪ್ಪ. ಅಲ್ಲಿ ನನ್ನ ಅಣ್ಣ ಭತ್ತದ ಹುಲ್ಲಿನಲ್ಲಿ ಅಣಬೆ ಬೆಳೆಯುತ್ತಿದ್ದ. ಒಮ್ಮೆ ತಂದ ಅಣಬೆಯ ಸಾರನ್ನು ಚಾಚಾನಿಗೂ ಕೊಟ್ಟೆ. ಬಟ್ಟಲು ವಾಪಸು ಕೊಡಲು ಬಂದವರು, ಇದಕ್ಕೇನು ಬೇಕು ಎಂದು ಕೇಳಿದರು. ತಂಪು ಬೇಕು, ತೇವ ಬೇಕು ಎಂದೆ.

"ಅದು ನನ್ನ ಕಸುಬಲ್ಲೇನ್ರಿ?" ಎಂದರು. ಅವರ ಮುಖ ಅರಳಿದ್ದನ್ನು ನಾನು ಬಹಳ ದಿನಗಳ ನಂತರ ನೋಡಿದ್ದು ಅಂದೇ.

ಮುಂದಿನ ವಾರ ಸಿರುಗುಪ್ಪದಿಂದ ಎರಡು ಚೀಲ ಹುಲ್ಲು, ಅಣಬೆ ಬೀಜದ ಪೊಟ್ಟಣ, ಜೊತೆಗೆ ಅಣ್ಣನಿಗೆ ತರಬೇತಿಯಲ್ಲಿ ಕೊಟ್ಟಿದ್ದ ನಾಲ್ಕು ಪುಟದ ಅಚ್ಚಿನ ಕಾಗದ ತಂದುಕೊಟ್ಟೆ. ಚಾಚಾನಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಭಾನುವಾರ ಮೆಟ್ಟಿಲ ಮೇಲೆ ಕೂತು ನಾನೇ ಓದಿ ಹೇಳಿದೆ. ಅವರು ಒಂದೊಂದು ಮಾತಿಗೂ ಒಂದೊಂದು ಬೆರಳು ಮಡಚುತ್ತಿದ್ದರು. ನಾಲ್ಕನೆಯ ಪುಟದ ತಲೆಗೆ 'ಎಚ್ಚರಿಕೆಗಳು' ಎಂದಿತ್ತು. ಮೇಲೆ ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೆ. ಇಂಥ ಪುಟಗಳಲ್ಲಿ ಇರುವುದೆಲ್ಲ ಗೊತ್ತಿದ್ದದ್ದೇ ಅನ್ನಿಸಿತು.

"ಇಷ್ಟ ಚಾಚಾ, ಮುಗೀತು."

"ಪೂರಾ?"

"ಪೂರಾ."

ಅವರು ಕಾಗದವನ್ನು ಒಳಕೋಣೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಓದಲು ಬರದಿದ್ದರೂ ಕೆಲಸದ ಕಾಗದ ಕೆಲಸದ ಮುಂದೆಯೇ ಇರಬೇಕು ಎಂಬುದು ಅವರ ನೇಮ.

ತಾವು ಮೊಟ್ಟಮೊದಲು ಕಟ್ಟಿದ, ಆಳೆತ್ತರದ ಕೂಲರನ್ನು ಅಟ್ಟದ ಪಕ್ಕದಿಂದ ಎಳೆದು ತಂದರು. ತುಕ್ಕು ತಿಕ್ಕಿ, ಒಳಗೆ ಅಡ್ಡಕ್ಕೆ ಸಲಾಕೆ ಕೂರಿಸಿದರು. ಭತ್ತದ ಹುಲ್ಲನ್ನು ಕುದಿಸಿ, ಹಿಂಡಿದರೆ ಹನಿ ಬೀಳದಷ್ಟು ಆರಿಸಿ, ಬೀಜದೊಂದಿಗೆ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿದರು. ಮೂರು ವಾರ ಕತ್ತಲಲ್ಲಿಟ್ಟ ಚೀಲಗಳು ಬೆಳ್ಳಗೆ ಬಿಗಿದುಕೊಂಡ ಮೇಲೆ ಅವನ್ನು ಕೂಲರಿನೊಳಗೆ ನೇತುಹಾಕಿದರು. ಮೂರು ಬದಿಗೆ ಒದ್ದೆ ಕೂಲರ್ ಹುಲ್ಲು, ಮೇಲಿನಿಂದ ಹನಿಯುವ ನೀರು. ಗಾಳಿ ಬದಲಾಗಲು ಫ್ಯಾನ್ ಬೇಕೆಂದು ನಾನು ಓದಿದ್ದೆ. ಅವರು ಜೀವಮಾನವಿಡೀ ಹಾಕಿದ ಹಾಗೆಯೇ ಹಾಕಿದರು: ಕೂಲರಿನ ಬೆನ್ನು ಕಿಟಕಿಗೆ, ಫ್ಯಾನಿನ ಮುಖ ಕೋಣೆಯೊಳಕ್ಕೆ. ಬಳ್ಳಾರಿಯಲ್ಲಿ ಕೂಲರಿನ ಮುಖ ಮನುಷ್ಯನ ಕಡೆಗಲ್ಲದೆ ಇನ್ನೆಲ್ಲಿಗೆ ತಿರುಗುತ್ತದೆ? ಆ ಮನೆಯಲ್ಲಿ ತಂಪಾದ ಕೋಣೆ ಅದೊಂದೇ. ಮಧ್ಯಾಹ್ನ ಅದರ ಮುಂದೆಯೇ ಕರಿ ಕಂಬಳಿ ಹಾಸಿ ಮಲಗುತ್ತಿದ್ದರು.

ಮೊದಲ ಬೆಳೆ ಓಣಿಗೆಲ್ಲ ಹಂಚಿಕೆಯಾಯಿತು. ಕೆಲವನ್ನು ಕೀಳಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ. ಅಂಗೈ ಅಗಲ ಅರಳಿ ಅಂಚು ಮೇಲೆದ್ದರೂ ಹಾಗೆಯೇ ಬಿಡುತ್ತಿದ್ದರು. ಒಂದು ಮಧ್ಯಾಹ್ನ ನೀರಿನ ಮೋಟರ್ ಹಾಕಲು ಹೇಳಬೇಕೆಂದು ಇಳಿದೆ. ಚಾಚಾ ನಿದ್ದೆಯಲ್ಲಿದ್ದರು. ಫ್ಯಾನಿನ ಜಾಲರಿಯ ಹಿಂದೆ ಬಿಳಿ ಗೊಂಚಲುಗಳು ಎಲ್ಲವೂ ಅವರ ಕಡೆಗೇ ಮುಖ ಮಾಡಿ ನಿಂತಿದ್ದವು. ಬಾಗಿಲ ಸಂದಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ಏನೋ ಹೊಗೆಯಂತೆ ತೇಲುತ್ತ ಅವರ ಮುಖದ ಹತ್ತಿರ ಹೋಗಿ, ಅವರು ಉಸಿರೆಳೆದಾಗ ಕಾಣದಾಗುತ್ತಿತ್ತು... ನನಗೆ ಹೆದರಿಕೆಯಾಯಿತು. ಯಾಕೆಂದು ಯೋಚಿಸಲಿಲ್ಲ, ಸದ್ದಿಲ್ಲದೆ ಮೆಟ್ಟಿಲು ಹತ್ತಿದೆ.

ಚಾಚಾನಿಗೆ ಕೆಮ್ಮು ಶುರುವಾಯಿತು. ಸಂಜೆಯಾದರೆ ಮೈ ಬಿಸಿ, ಏದುಸಿರು. ತಮ್ಮ ಮಗಳನ್ನು ಅವರು ಕುರುಗೋಡಿಗೆ ಕೊಟ್ಟಿದ್ದರು. ಅಲ್ಲಿಗೆ ಹೋಗಿ ನಾಲ್ಕು ದಿನವಿದ್ದರೆ ಕೆಮ್ಮು ಮಾಯ, ವಾಪಸು ಬಂದ ಮರುದಿನವೇ ಹಾಜರು. ಕುರುಗೋಡಿನ ಗುಡ್ಡದ ಗಾಳಿ ಒಳ್ಳೆಯದು ಎಂದು ಚಾಚಾ ಹೇಳುತ್ತಿದ್ದರು. ಮಗಳು ಮಾತ್ರ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ತಗ್ಗಿದ ದನಿಯಲ್ಲಿ ಹೇಳಿದಳು. "ಈ ಮನಿಯೊಳಗ ಏನೋ ಐತ್ರಿ ಟೀಚರ್. ಅಬ್ಬಾನ ಉಸುರು ಕುಡಿಯಾಕ ಹತ್ತೈತಿ."

"ಏನಿಲ್ಲವ್ವ, ಧೂಳು" ಎಂದು ನಕ್ಕೆ. ಎಂಟನೇ ತರಗತಿಗೆ ಶಿಲೀಂಧ್ರದ ಪಾಠ ಮಾಡುವವಳು ನಾನು. ಬೀಜಕಣಗಳು ಗಾಳಿಯಲ್ಲಿ ಹಾರುವ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸಿ, ಕೈಗೆ ಹತ್ತಿದ ಸೀಮೆಸುಣ್ಣವನ್ನು ಕೊಡವಿಕೊಂಡು ಮನೆಗೆ ಬರುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಮಲಗಿದಲ್ಲಿಂದ ಏಳಲಾಗಲಿಲ್ಲ. ನನ್ನವರು, ಮಗ್ಗುಲ ಮನೆಯವರು ಎತ್ತಿ ಆಟೊದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದರು. ಫ್ಯಾನ್ ಆರಿಸಲು ನಾನೊಬ್ಬಳೇ ಆ ಕೋಣೆಗೆ ಹೋದೆ. ಕರಿ ಕಂಬಳಿಯ ಮೇಲೆ ಅಕ್ಕಿಹಿಟ್ಟು ಜರಡಿ ಹಿಡಿದಂತೆ ಬಿಳಿ ಪುಡಿ. ನಡುವೆ ಒಂದು ಕಪ್ಪು ಆಕಾರ... ತಲೆ, ಭುಜ, ಮಡಚಿದ ಮೊಣಕಾಲು. ಚಾಚಾ ಇನ್ನೂ ಅಲ್ಲೇ ಮಲಗಿದ್ದಂತಿತ್ತು. ಅವರ ಮೈ ತಡೆದಷ್ಟು ಜಾಗ ಬಿಟ್ಟು ಎಲ್ಲೆಡೆಯೂ ಅಣಬೆಗಳ ಪುಡಿ ಕೂತಿತ್ತು.

ಗೋಡೆಯ ಕಾಗದ ಬಿಚ್ಚಿ ನಾಲ್ಕನೆಯ ಪುಟ ಓದಿದೆ. ಪೂರ್ತಿ ಅರಳುವ ಮೊದಲೇ ಕೊಯ್ಯಬೇಕು. ಪುಡಿ ಉಸಿರಿಗೆ ಸೇರಬಾರದು, ಮೂಗಿಗೆ ಬಟ್ಟೆ ಕಟ್ಟಬೇಕು. ಫ್ಯಾನಿನ ಗಾಳಿ ಮನೆಯ ಹೊರಕ್ಕೆ ಹೋಗಬೇಕು.

ಆ ದಿನವೇ ಚೀಲಗಳನ್ನೆಲ್ಲ ಹೊರಗೆ ಹಾಕಿಸಿದೆ, ಕೋಣೆ ತೊಳೆಸಿದೆ, ಚಾಚಾನನ್ನು ಕುರುಗೋಡಿಗೇ ಕರೆದುಕೊಂಡು ಹೋಗಲು ಮಗಳಿಗೆ ಹೇಳಿದೆ. ಮಾಡಬೇಕಾದ್ದನ್ನೆಲ್ಲ ಮಾಡಿದೆ. ಹೇಳಬೇಕಾದ್ದನ್ನು ಹೇಳಲಿಲ್ಲ. ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ, ಧೂಳಿನ ಕೆಲಸವಿತ್ತೇ ಎಂದು ಡಾಕ್ಟರು ಕೇಳಿದಾಗ, "ಜಿಂದಗಿ ಪೂರ್ತಿ ಕೂಲರ್ ಹುಲ್ಲಿನ ಧೂಳು ಕುಡದಾರ್ರಿ" ಎಂದು ಮಗಳೇ ಉತ್ತರಿಸಿದಳು. ಕಾಗದ ನನ್ನ ಚೀಲದಲ್ಲಿತ್ತು. ನಾಚಿಕೆಯೋ ಭಯವೋ, ಅದನ್ನು ಹೊರಗೆ ತೆಗೆಯಲಿಲ್ಲ.

ಕುರುಗೋಡಿಗೆ ನೋಡಲು ಹೋದಾಗ ಚಾಚಾ ಗೋಡೆಗೊರಗಿ ಕೂತಿದ್ದರು. ಮಾತಿನ ನಡುವೆ ನಿಂತು ನಿಂತು ಉಸಿರೆಳೆದುಕೊಳ್ಳುತ್ತಿದ್ದರು. "ನೀವು ಓದಿದ್ರಾಗ ಒಂದೂ ಬಿಟ್ಟಿಲ್ರಿ ಟೀಚರಮ್ಮ... ಎಲ್ಲಾ ಮಾಡೀನಿ" ಎಂದರು. ನಾನು ತಲೆಯಾಡಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಹೋದರು.

ಹೊಸ ಹುಲ್ಲು ಹಾಕಿಸಿದ ಮೂರನೆಯ ದಿನಕ್ಕೆ, ಅಂದರೆ ನಿನ್ನೆ, ಮಗಳ ಫೋನ್ ಬಂತು. "ಅಬ್ಬಾನ ದೊಡ್ಡ ಕೂಲರ್ ಇಲ್ಲೇ ಕುರುಗೋಡಿಗೆ ತಂದೀವ್ರಿ ಟೀಚರ್. ಹುಡುಗ್ರು ಮಲಗೋ ಕೋಣ್ಯಾಗ ಇಟ್ಟು ಅಣಬಿ ಹಾಕೀವಿ, ಮೊಗ್ಗು ಬಂದಾವು. ಅಬ್ಬಾಗ ಓದಿ ಹೇಳಿದ್ರಲ್ಲ, ಆ ಕಾಗದ ಎಲ್ಲಿ ಸಿಗತೈತ್ರಿ?"

ತಕ್ಷಣ ಕೇಳಿದೆ: "ಫ್ಯಾನಿನ ಮುಖ ಯಾ ಕಡಿ ಐತವ್ವ?"

"ಒಳಗ್ರಿ. ಮತ್ತೆಲ್ಲಿ ಇರ್ತೈತಿ?"

"ಈಗಿಂದೀಗ ಬಂದ್ ಮಾಡು. ಹುಡುಗ್ರನ್ನ ಬ್ಯಾರೆ ಕಡಿ ಮಲಗ್ಸು. ನಾಳೆ ನಾನ ಬರ್ತೀನಿ. ಕಾಗದ ನನ್ನ ಹತ್ರಾನ ಐತಿ."

"ಅದು ಅಬ್ಬಾನ ಗ್ವಾಡಿ ಮ್ಯಾಲಿತ್ತಲ್ರಿ..." ಎಂದಳು.

ಈಗ ಕುರುಗೋಡಿನ ಬಸ್ಸಿನಲ್ಲಿ ಕೂತಿದ್ದೇನೆ. ಕಿಟಕಿಯಾಚೆ ಬಂಡೆಗುಡ್ಡಗಳು ಕಾಣತೊಡಗಿವೆ. ಆ ದಿನ ಮಡಚಿಟ್ಟ ಕಾಗದವನ್ನು ಇಷ್ಟು ವರ್ಷಗಳಲ್ಲಿ ಇವತ್ತೇ ಬಿಚ್ಚಿದ್ದು. ಮಡಿಕೆಯೊಳಗಿನ ಬಿಳಿ ಪುಡಿ ಬೆರಳಿಗೆ ಹತ್ತಿತು. ಇದನ್ನು ಕೇಳಬೇಕಾದವರು ಈಗಿಲ್ಲ. ಮಗಳ ಮುಂದೆ ಕೂತು ಮೊದಲು ನಾಲ್ಕನೆಯ ಪುಟ ಓದುತ್ತೇನೆ, ಆಮೇಲೆ ಅವಳ ಮುಖ ನೋಡುತ್ತೇನೆ.